ಚಿತ್ರ ನಿರ್ಮಾಣದ ಆರು ವಾರಾಂತ್ಯಗಳು: ಬಂಡವಾಳದ ಪಾಠ ಚೆನ್ನಾಗಿತ್ತು, ವಿತರಣೆಯ ಪಾಠ ಅರ್ಧಕ್ಕೇ ನಿಂತಿತು

ಬಸವನಗುಡಿಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ 2025ರ ಸೆಪ್ಟೆಂಬರ್ 6ರಿಂದ ಅಕ್ಟೋಬರ್ 12ರವರೆಗೆ ನಡೆದ ಚಲನಚಿತ್ರ ನಿರ್ಮಾಣ ತರಬೇತಿಗೆ ನಾನು 14,000 ರೂಪಾಯಿ ಶುಲ್ಕ ಕಟ್ಟಿ ಸೇರಿದ್ದೆ. ಆರು ಶನಿವಾರ, ಆರು ಭಾನುವಾರ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆಯವರೆಗೆ ತರಗತಿ. ಕ್ಯಾಮೆರಾ, ಸಂಕಲನ, ನಿರ್ದೇಶನ ಯಾವುದನ್ನೂ ಅಲ್ಲಿ ಕಲಿಸುವುದಿಲ್ಲ. ಚಿತ್ರಕ್ಕೆ ಬಂಡವಾಳ ಎಲ್ಲಿಂದ ಬರುತ್ತದೆ, ಕಲಾವಿದರನ್ನು ಹೇಗೆ ಆರಿಸುತ್ತಾರೆ, ಮುಗಿದ ಚಿತ್ರವನ್ನು ಜನರ ಬಳಿಗೆ ಹೇಗೆ ಒಯ್ಯುತ್ತಾರೆ ಎಂಬ ಮೂರೇ ವಿಷಯಗಳಿಗೆ ಇದನ್ನು ಮೀಸಲಿಟ್ಟಿದ್ದಾರೆ. ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಹಾಕುತ್ತಿಲ್ಲ. ಇಂಥ ತರಬೇತಿಗಳು ನಗರದಲ್ಲಿ ಹಲವಿವೆ. ಯಾವುದಕ್ಕೆ ಸೇರುವವರಿಗೂ ನನ್ನ ಅನುಭವ ಉಪಯೋಗಕ್ಕೆ ಬರಲಿ ಎಂಬ ಕಾರಣಕ್ಕೆ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಚಿತ್ರರಂಗದವಳಲ್ಲ. ರಾಜಾಜಿನಗರದ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ತುಮಕೂರಿನಲ್ಲಿ ನಾಟಕ ಆಡಿಸುತ್ತಿರುವ ನನ್ನ ಚಿಕ್ಕಮ್ಮನ ಮಗ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಸುತ್ತ ಒಂದು ಚಿತ್ರಕಥೆ ಬರೆದುಕೊಂಡು ಕಳೆದ ವರ್ಷ ಯುಗಾದಿಗೆ ಮನೆಗೆ ಬಂದವನು, "ಅಕ್ಕಾ, ಅರವತ್ತು ಲಕ್ಷದಲ್ಲಿ ಮುಗಿಸ್ತೀನಿ, ನೀನು ಹದಿನೈದು ಹಾಕು, ಮಿಕ್ಕಿದ್ದನ್ನ ಹೊರಗಡೆ ಎತ್ತುತೀನಿ" ಎಂದ. ಕಥೆ ಓದಿದೆ, ಓದಿ ಮುಗಿಸಿದ ಮೇಲೆ ಎರಡು ದಿನ ಆ ಮಂಡಿಯ ಹಮಾಲರೇ ಕಣ್ಣ ಮುಂದೆ ಇದ್ದರು. ಹಣ ಕೊಡಲು ಮನಸ್ಸಿತ್ತು. ಆದರೆ ಆ ಹಣ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಹಿಂದಿರುಗಬೇಕು ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ತರಗತಿಗೆ ಸೇರಿದೆ.

ಮೊದಲ ಎರಡು ವಾರಾಂತ್ಯಗಳು ಬಂಡವಾಳಕ್ಕೆ ಮೀಸಲಾಗಿದ್ದವು, ಮತ್ತು ಕೊಟ್ಟ ಶುಲ್ಕದ ಬಹುಪಾಲು ಅಲ್ಲೇ ಸಾರ್ಥಕವಾಯಿತು. ಪಾಠ ಮಾಡಿದವರು ಗಾಂಧಿನಗರದ ವಿತರಣಾ ಕಚೇರಿಗಳಲ್ಲಿ ಮೂವತ್ತು ವರ್ಷ ಕಳೆದ ಹಿರಿಯರು. ಹಿಂದೆ ಚಿತ್ರ ಮುಹೂರ್ತದ ಹಂತದಲ್ಲಿರುವಾಗಲೇ ವಿತರಕರು ಬಿ.ಕೆ.ಟಿ., ಎಂ.ಎಂ.ಸಿ.ಎಚ್., ಚಿತ್ರದುರ್ಗ-ದಾವಣಗೆರೆ, ಶಿವಮೊಗ್ಗ ಎಂದು ಏರಿಯಾವಾರು ಹಕ್ಕು ಕೊಂಡು ಮುಂಗಡ ಕೊಡುತ್ತಿದ್ದದ್ದು, ಬೆಂಗಳೂರು-ಕೋಲಾರ-ತುಮಕೂರು ಸೇರಿದ ಬಿ.ಕೆ.ಟಿ.ಗೆ ಒಂದು ಬೆಲೆ, ಮೈಸೂರು-ಮಂಡ್ಯ-ಕೊಡಗು-ಹಾಸನದ ಎಂ.ಎಂ.ಸಿ.ಎಚ್.ಗೆ ಇನ್ನೊಂದು ಬೆಲೆ ಇರುತ್ತಿದ್ದದ್ದು, ಆ ಮುಂಗಡವನ್ನೂ ಫೈನಾನ್ಸ್ ಸಾಲವನ್ನೂ ಕೂಡಿಸಿ ಚಿತ್ರ ಮುಗಿಯುತ್ತಿದ್ದದ್ದು, ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು ವಿವರಿಸಿದರು. ಈಗ ಮುಂಗಡ ಕೊಡುವುದು ನಾಯಕನಟನ ಹೆಸರನ್ನು ನೋಡಿ. ಹೊಸಬರ ಚಿತ್ರವಾದರೆ ವಿತರಕರು ಕಮಿಷನ್ ಆಧಾರದ ಮೇಲೆ ಮಾತ್ರ ಕೈಗೆತ್ತಿಕೊಳ್ಳುತ್ತಾರೆ, ನಷ್ಟದ ಹೊಣೆ ಪೂರ್ತಿ ನಿರ್ಮಾಪಕನದೇ ಆಗುತ್ತದೆ. ಈ ಒಂದು ಮಾತನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ನನಗೆ ಹೇಳಿರಲಿಲ್ಲ.

ದೊಡ್ಡ ಬಜೆಟ್ಟಿನ ವ್ಯವಹಾರವನ್ನು ಅವರು ಎರಡು ಉದಾಹರಣೆಗಳಲ್ಲಿ ತಿಳಿಸಿದರು. ಅಮೆರಿಕದ ಮಾರ್ವೆಲ್ ಸಂಸ್ಥೆ 2005ರಲ್ಲಿ ತನ್ನ 10 ಪಾತ್ರಗಳ ಚಲನಚಿತ್ರ ಹಕ್ಕುಗಳನ್ನು ಒತ್ತೆಯಿಟ್ಟು, ಮೆರಿಲ್ ಲಿಂಚ್ ಬ್ಯಾಂಕಿನ ಮೂಲಕ 52.5 ಕೋಟಿ ಡಾಲರ್ ಸಾಲದ ಏರ್ಪಾಡು ಮಾಡಿಕೊಂಡು, ತನ್ನ ಚಿತ್ರಗಳನ್ನು ತಾನೇ ತಯಾರಿಸಲು ತೊಡಗಿತು. ಅಲ್ಲಿ ಬ್ಯಾಂಕಿನವರು ಜಮೀನು, ಕಟ್ಟಡಗಳನ್ನು ನೋಡುವಂತೆಯೇ ಒಂದು ಪಾತ್ರದ ಬೆಲೆಯನ್ನೂ ತೂಗಿ ನೋಡಿದರು. ನಮ್ಮಲ್ಲಿ ಹೊಂಬಾಳೆ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಕೆ.ಜಿ.ಎಫ್. ಮೊದಲ ಭಾಗವನ್ನು ಐದು ಭಾಷೆಗಳಲ್ಲಿ ಬಿಡುಗಡೆ ಮಾಡಿದ್ದರಿಂದ, ಕನ್ನಡ ಚಿತ್ರದ ಬಂಡವಾಳವನ್ನು ಕರ್ನಾಟಕದ ಗಳಿಕೆಯಿಂದಲೇ ವಾಪಸು ಪಡೆಯಬೇಕು ಎಂಬ ಹಳೆಯ ಮಿತಿ ಸಡಿಲವಾಯಿತು. ಹಿಂದಿ ಡಬ್ಬಿಂಗ್ ಹಕ್ಕು, ಟಿ.ವಿ. ಪ್ರಸಾರದ ಸ್ಯಾಟಲೈಟ್ ಹಕ್ಕು, ಒಟಿಟಿ ಹಕ್ಕು, ಆಡಿಯೋ ಹಕ್ಕುಗಳನ್ನೆಲ್ಲ ಮೊದಲೇ ಲೆಕ್ಕಕ್ಕೆ ತಂದು ಬಜೆಟ್ ಬರೆಯುವ ರೂಢಿ ಬಲಗೊಂಡಿತು. ಅದೇ ರೂಢಿಯನ್ನು ಹೊಸಬರು ಹಿಡಿದರೆ ಏನಾಗುತ್ತದೆ ಎಂಬುದನ್ನೂ ಆ ಹಿರಿಯರು ಮುಚ್ಚಿಡಲಿಲ್ಲ. ಮಾರಾಟವಾಗದ ಹಕ್ಕನ್ನು ಜಮೆಯ ಕಡೆ ಬರೆದುಕೊಂಡ ಚಿತ್ರಗಳು ಡಬ್ಬಿಂಗ್ ಹಂತದಲ್ಲೇ ನಿಂತುಹೋಗುವುದನ್ನು ತಾವು ಕಂಡಿದ್ದೇವೆ ಎಂದರು.

ಸ್ವತಂತ್ರ ಚಿತ್ರಗಳ ಬಂಡವಾಳದ ಪಾಠ ಇನ್ನೂ ಚೆನ್ನಾಗಿತ್ತು. ಶ್ಯಾಮ್ ಬೆನಗಲ್ ಅವರ 1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟದ್ದರಿಂದ ಹಿಡಿದು, ಪವನ್ ಕುಮಾರ್ ಅವರ 2013ರ 'ಲೂಸಿಯಾ'ಕ್ಕೆ ಸುಮಾರು 110 ಮಂದಿ ಹಣ ಹಾಕಿದ್ದರವರೆಗೆ, ಜನರಿಂದ ಹಣ ಎತ್ತುವ ಕ್ರಮವನ್ನು ಅರ್ಧ ದಿನ ಚರ್ಚಿಸಿದೆವು. 'ಲೂಸಿಯಾ'ದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಹಣ ಹಾಕಿದವರೇ ಮುಂದೆ ಚಿತ್ರದ ಮೊದಲ ಪ್ರಚಾರಕರೂ ಆದದ್ದು. ಬಂಡವಾಳವೂ ಪ್ರಚಾರವೂ ಅಲ್ಲಿ ಒಂದೇ ಕಡೆಯಿಂದ ಬಂದವು.

ಆದರೆ ಇಲ್ಲಿ ಒಂದು ಲೋಪವನ್ನು ಹೇಳಲೇಬೇಕು. ಜನರಿಂದ ಲಾಭದ ಪಾಲಿನ ಭರವಸೆ ಕೊಟ್ಟು ಹಣ ಪಡೆಯುವುದಕ್ಕೆ ಕಾನೂನಿನ ಕಟ್ಟುಪಾಡುಗಳಿವೆ. 2013ರ ಕಂಪನಿ ಕಾಯ್ದೆಯಂತೆ ಖಾಸಗಿ ಕಂಪನಿಯೊಂದು ಖಾಸಗಿ ಹಂಚಿಕೆಯ ಮೂಲಕ, ಅಂದರೆ ಆಯ್ದ ಕೆಲವರಿಗಷ್ಟೇ ಷೇರು ಕೊಡುವ ಕ್ರಮದಲ್ಲಿ, ಒಂದು ಆರ್ಥಿಕ ವರ್ಷದಲ್ಲಿ ಸಾಮಾನ್ಯವಾಗಿ 200 ಮಂದಿಗೆ ಮೀರಿ ಷೇರು ನೀಡುವಂತಿಲ್ಲ, ಅದಕ್ಕೆ ಬಹಿರಂಗ ಜಾಹೀರಾತನ್ನೂ ಕೊಡುವಂತಿಲ್ಲ. ಉಡುಗೊರೆಯಾಗಿ ಪಡೆದ ಹಣ ಬೇರೆ, ಮುಂಗಡ ಟಿಕೆಟ್ಟಿನ ಹಣ ಬೇರೆ, ಹೂಡಿಕೆಯ ಹಣ ಬೇರೆ. ಮೂರರ ತೆರಿಗೆಯೂ ಬೇರೆ ಬೇರೆ. ಈ ವಿಷಯ ತರಗತಿಯಲ್ಲಿ ಬರಲೇ ಇಲ್ಲ. ಹಾಗೆಯೇ ನಿರ್ಮಾಣ ವೆಚ್ಚವನ್ನು ಆದಾಯದಿಂದ ಕಳೆಯುವ ಬಗೆಯನ್ನು ಹೇಳುವ, 1962ರ ಆದಾಯ ತೆರಿಗೆ ನಿಯಮಗಳ 9ಎ ಕುರಿತು ಒಂದು ಮಾತೂ ಇರಲಿಲ್ಲ. ಚಿತ್ರವನ್ನು ನಿರ್ಮಾಪಕನೇ ಪ್ರದರ್ಶಿಸುವುದಾದರೆ, ಆರ್ಥಿಕ ವರ್ಷ ಮುಗಿಯುವುದಕ್ಕೆ ಕನಿಷ್ಠ 90 ದಿನ ಮೊದಲು ಬಿಡುಗಡೆಯಾಗಿದ್ದರೆ ಮಾತ್ರ ಪೂರ್ತಿ ವೆಚ್ಚವನ್ನು ಅದೇ ವರ್ಷ ಕಳೆಯಲು ಅವಕಾಶವಿತ್ತು. ಜನವರಿಯಲ್ಲಿ ಬಿಡುಗಡೆಯೋ ಡಿಸೆಂಬರ್‌ನಲ್ಲೋ ಎಂಬ ತೀರ್ಮಾನಕ್ಕೆ ಇಂಥ ನಿಯಮವೂ ಕಾರಣವಾಗಬಲ್ಲದು. ನನ್ನ ವೃತ್ತಿಯ ಕಾರಣಕ್ಕೆ ಇದನ್ನು ಎತ್ತಿದೆ. ಪಾಠ ಮಾಡುತ್ತಿದ್ದ ಹಿರಿಯರು ಸಂತೋಷದಿಂದಲೇ ಹತ್ತು ನಿಮಿಷ ನನಗೆ ಬಿಟ್ಟುಕೊಟ್ಟರು. ಆದರೂ ಅದು ಸಂಸ್ಥೆಯ ಪಠ್ಯದಲ್ಲೇ ಇರಬೇಕಾದದ್ದು.

ರಾಜ್ಯ ಸರ್ಕಾರದ ಸಹಾಯಧನದ ವಿಷಯದಲ್ಲಿ ಅವರು ಕೊಟ್ಟ ಎಚ್ಚರಿಕೆ ನನ್ನ ತಮ್ಮನ ಬಜೆಟ್ಟನ್ನೇ ಬದಲಿಸಿತು. ಈಚಿನ ವರ್ಷಗಳಲ್ಲಿ ಆಯ್ಕೆಯಾದ ಚಿತ್ರಕ್ಕೆ ಸಾಮಾನ್ಯವಾಗಿ ತಲಾ 10 ಲಕ್ಷ ರೂಪಾಯಿ ಸಿಗುತ್ತಿದೆ. ಆದರೆ ಅದು ಚಿತ್ರ ಪೂರ್ಣಗೊಂಡು, ಸೆನ್ಸಾರ್ ಪ್ರಮಾಣಪತ್ರ ಪಡೆದು, ಸಮಿತಿ ನೋಡಿ ಆರಿಸಿದ ಮೇಲೆ ಬರುವ ಹಣ. ಅವನು ಆ ಹತ್ತು ಲಕ್ಷವನ್ನು ಚಿತ್ರೀಕರಣದ ಎರಡನೆಯ ಹಂತಕ್ಕೆ ತೋರಿಸಿಬಿಟ್ಟಿದ್ದ.

ಕಲಾವಿದರ ಆಯ್ಕೆಗೆ ಮೀಸಲಾದ ಮೂರನೆಯ ವಾರಾಂತ್ಯವನ್ನು ನಾನು ಬಹುಕಾಲ ಮರೆಯಲಾರೆ. ಸಣ್ಣ ಚಿತ್ರಗಳಿಗೆ ಕಲಾವಿದರನ್ನು ಹುಡುಕಿಕೊಡುವ ಒಬ್ಬ ಮಹಿಳೆ ಪಾಠ ಮಾಡಿದರು. ಹವ್ಯಾಸಿ ರಂಗಭೂಮಿಯ ಮೂವರು ಕಲಾವಿದೆಯರನ್ನು ಕರೆಸಿ, ಒಂದೇ ದೃಶ್ಯವನ್ನು ಮೂವರಿಂದಲೂ ಓದಿಸಿದರು: ಮಗ ಊರು ಬಿಟ್ಟು ಹೊರಟಾಗ ಬುತ್ತಿ ಕಟ್ಟಿಕೊಡುವ ತಾಯಿಯ ಎರಡು ಪುಟಗಳ ಮಾತು. ಮೊದಲನೆಯವರ ಕಂಠ ಇಡೀ ಕೋಣೆಯನ್ನು ತುಂಬಿತು. ಎರಡನೆಯವರು ಅತ್ತರು. ಮೂರನೆಯವರು ಮಾತಿನ ನಡುವೆ ಸೆರಗಿನಿಂದ ಮೇಜನ್ನು ಒರೆಸುತ್ತಾ, ಮಗನ ಮುಖವನ್ನು ನೋಡದೆಯೇ ಇಡೀ ದೃಶ್ಯವನ್ನು ಮುಗಿಸಿದರು. ಇಪ್ಪತ್ತೆರಡು ಮಂದಿಯಲ್ಲಿ ಹದಿನೆಂಟು ಮಂದಿ ಮೂರನೆಯವರಿಗೆ ಕೈ ಎತ್ತಿದೆವು. ಆಗ ಆ ಮಹಿಳೆ ಕೇಳಿದ ಪ್ರಶ್ನೆ ಇಷ್ಟೇ: "ಮೊದಲನೆಯವರು ಧಾರಾವಾಹಿಯಲ್ಲಿ ಮನೆಮನೆಗೂ ಗೊತ್ತಿರುವವರು ಅಂತ ಇಟ್ಟುಕೊಳ್ಳಿ, ಈಗ ಯಾರನ್ನ ತಗೋತೀರಿ?" ಕೈಗಳು ಕೆಳಗಿಳಿಯತೊಡಗಿದವು. ಬಂಡವಾಳಕ್ಕೂ ಪಾತ್ರದ ಆಯ್ಕೆಗೂ ಇರುವ ಸಂಬಂಧವನ್ನು ಇದಕ್ಕಿಂತ ಪ್ರಾಮಾಣಿಕವಾಗಿ ತೋರಿಸಲು ಸಾಧ್ಯವಿಲ್ಲವೆಂದು ನನಗೆ ಅನ್ನಿಸಿತು.

ದೊಡ್ಡ ಚಿತ್ರದಲ್ಲಿ ತಾರಾಗಣವೇ ಮಾರುಕಟ್ಟೆಯ ಭಾಗ. ಕೆ.ಜಿ.ಎಫ್. ಎರಡನೆಯ ಭಾಗದಲ್ಲಿ ಸಂಜಯ್ ದತ್ ಮತ್ತು ರವೀನಾ ಟಂಡನ್ ಇದ್ದದ್ದು ಹಿಂದಿ ಪ್ರೇಕ್ಷಕರಿಗೂ ಚಿತ್ರವನ್ನು ಪರಿಚಿತವಾಗಿಸಿತು. ಸಣ್ಣ ಚಿತ್ರಕ್ಕೆ ಆ ದಾರಿಯಿಲ್ಲ, ಬೇರೆಯದೊಂದಿದೆ. 1970ರ 'ಸಂಸ್ಕಾರ'ದಲ್ಲಿ ಗಿರೀಶ ಕಾರ್ನಾಡ್, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ನಟಿಸಿದಾಗ ಅವರಲ್ಲಿ ಯಾರೂ ಚಿತ್ರತಾರೆಯರಾಗಿರಲಿಲ್ಲ. ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ರಾಮ್ ರೆಡ್ಡಿ ಅವರ 'ತಿಥಿ'ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಪಾತ್ರಗಳಾದರು, ಮತ್ತು ಚಿತ್ರ 2015ರಲ್ಲಿ ಲೊಕಾರ್ನೊ ಉತ್ಸವದ 'ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್' ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಪಡೆಯಿತು. ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ'ದ ಮುಖ್ಯಪಾತ್ರವನ್ನು ಶರಣಮ್ಮ ಚೆಟ್ಟಿ ನಿರ್ವಹಿಸಿದರು, ಅವರೂ ವೃತ್ತಿನಟಿಯಲ್ಲ. 2022ರಲ್ಲಿ ಬುಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಆ ಚಿತ್ರ ಇಲ್ಲಿನ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್‌ನಲ್ಲಿ.

ಹಾಗೆಂದು ಹೊಸ ಮುಖಗಳು ಅಗ್ಗ ಎಂದು ಯಾರೂ ತಿಳಿಯಬಾರದು ಎಂದು ಪಾಠ ಮಾಡಿದ ಆ ಮಹಿಳೆ ಲೆಕ್ಕ ಹಾಕಿ ತೋರಿಸಿದರು. ಸಂಭಾವನೆ ಕಡಿಮೆಯಾದೀತು, ಆದರೆ ತಿಂಗಳುಗಟ್ಟಲೆ ತಾಲೀಮು ಬೇಕು, ಚಿತ್ರೀಕರಣದ ದಿನಗಳು ಹೆಚ್ಚುತ್ತವೆ. ದಿನಕ್ಕೆ 1.25 ಲಕ್ಷ ಖರ್ಚಾಗುವ ಸಣ್ಣ ತಂಡಕ್ಕೆ ಐದು ದಿನ ಹೆಚ್ಚಾದರೆ ಆರೂಕಾಲು ಲಕ್ಷ ಹೋಯಿತು. ಅವಕಾಶ ಕೊಡುತ್ತೇವೆಂದು ಆಡಿಷನ್‌ಗೆ ಹಣ ಕೇಳುವವರ ಬಗ್ಗೆಯೂ ಗಟ್ಟಿಯಾಗಿ ಮಾತನಾಡಿದರು. ಕಲಾವಿದರನ್ನು ಹುಡುಕುವ ಕೆಲಸಕ್ಕೆ ಹಣ ಕೊಡಬೇಕಾದವನು ನಿರ್ಮಾಪಕ, ಅವಕಾಶ ಕೇಳಿ ಬಂದ ಹುಡುಗಿಯೋ ಹುಡುಗನೋ ಅಲ್ಲ. ಚಿತ್ರೀಕರಣದ ಜಾಗದಲ್ಲಿ ಮಹಿಳೆಯರ ಸುರಕ್ಷತೆಯ ವಿಷಯಕ್ಕೆ ಮಾತ್ರ ವೇಳಾಪಟ್ಟಿಯಲ್ಲಿ ಸಿಕ್ಕಿದ್ದು ಹದಿನೈದೇ ನಿಮಿಷ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೇ ಹೇಳುತ್ತದೆ. ನೆರೆಯ ಕೇರಳದಲ್ಲಿ ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿ ಕುರಿತ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದ ಮೇಲೂ ನಿರ್ಮಾಪಕರಾಗಬಯಸುವವರ ತರಬೇತಿಯಲ್ಲಿ ಇದಕ್ಕೆ ಒಂದು ಇಡೀ ಅವಧಿ ಇಲ್ಲದಿರುವುದು ಸಣ್ಣ ಕೊರತೆಯಲ್ಲ. ಅಭಿಪ್ರಾಯ ಪತ್ರದಲ್ಲಿ ಬರೆದಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ.

ನಾಲ್ಕನೆಯ ವಾರಾಂತ್ಯ ಗುತ್ತಿಗೆ ಪತ್ರಗಳು, ಶೀರ್ಷಿಕೆ ನೋಂದಣಿ, ಸೆನ್ಸಾರ್ ಅರ್ಜಿಗಳಲ್ಲಿ ಕಳೆಯಿತು. ಉಪಯುಕ್ತವಾದರೂ ಕೊಟ್ಟ ಮಾದರಿ ಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಪಾಠ ಕನ್ನಡದಲ್ಲಿ, ಚಿತ್ರ ಕನ್ನಡದ್ದು, ಸಹಿ ಹಾಕುವ ಕಲಾವಿದರು ಕನ್ನಡ ಮಾತ್ರ ಬಲ್ಲವರಾಗಿರುವ ಸಾಧ್ಯತೆ ಹೆಚ್ಚು. ಹಾಗಿರುವಾಗ ಒಪ್ಪಂದದ ಕರಡಾದರೂ ಕನ್ನಡದಲ್ಲಿ ಇರಬೇಕಿತ್ತು.

ಐದು ಮತ್ತು ಆರನೆಯ ವಾರಾಂತ್ಯಗಳಲ್ಲಿ ಪ್ರಚಾರ ಮತ್ತು ವಿತರಣೆ. ನಾನು ಹೆಚ್ಚು ನಿರೀಕ್ಷೆಯಿಟ್ಟುಕೊಂಡಿದ್ದದ್ದು ಇಲ್ಲಿ, ನಿರಾಶೆಯಾದದ್ದೂ ಇಲ್ಲಿಯೇ. ಸಂದರ್ಭ ಮಾತ್ರ ಅಪರೂಪದ್ದಾಗಿತ್ತು. 'ಕಾಂತಾರ: ಚಾಪ್ಟರ್ 1' ಅಕ್ಟೋಬರ್ 2ರಂದು ಹಲವು ಭಾಷೆಗಳಲ್ಲಿ ಒಂದೇ ದಿನ ತೆರೆಕಂಡಿತ್ತು, ತರಗತಿಯ ಅರ್ಧ ಮಂದಿ ಆಗಲೇ ನೋಡಿ ಬಂದಿದ್ದರು. 2022ರ ಸೆಪ್ಟೆಂಬರ್ 30ರಂದು ಮೊದಲ 'ಕಾಂತಾರ' ಕನ್ನಡದಲ್ಲಿ ಮಾತ್ರ ಬಿಡುಗಡೆಯಾಗಿ, ಜನರ ಬಾಯಿಮಾತಿನಿಂದ ಬೆಳೆದು, ಎರಡು ವಾರಗಳ ನಂತರ ಹಿಂದಿಗೆ ಹೋಗಿತ್ತು. ಅದೇ ಸಂಸ್ಥೆ, ಅದೇ ನಿರ್ದೇಶಕ, ಮೂರು ವರ್ಷಗಳ ಅಂತರದಲ್ಲಿ ಎರಡು ಬೇರೆ ಬಗೆಯ ಬಿಡುಗಡೆ. 'ಚಾಪ್ಟರ್ 1'ಕ್ಕೂ ಕೆಲವೇ ತಿಂಗಳ ಹಿಂದೆ, 2025ರ ಜುಲೈ 25ರಂದು, ದೊಡ್ಡ ತಾರೆಯರಿಲ್ಲದ 'ಸು ಫ್ರಮ್ ಸೋ' ಬಿಡುಗಡೆಗೆ ಮುನ್ನವೇ ಪೇಯ್ಡ್ ಪ್ರೀಮಿಯರ್‌ಗಳನ್ನು (ಟಿಕೆಟ್ ಕೊಂಡು ನೋಡುವ ಮುಂಚಿನ ಪ್ರದರ್ಶನಗಳನ್ನು) ಇಟ್ಟು, ನೋಡಿದವರ ಮಾತಿನ ಮೇಲೆಯೇ ಪ್ರದರ್ಶನಗಳನ್ನು ಹೆಚ್ಚಿಸಿಕೊಳ್ಳುತ್ತಾ ಹೋಗಿತ್ತು. ಈ ಮೂರನ್ನು ಎದುರಿಟ್ಟುಕೊಂಡು ಎರಡು ದಿನ ಪಾಠ ಮಾಡಬಹುದಿತ್ತು.

ಅದರ ಬದಲು ಬಂದ ಅತಿಥಿ, ತಮ್ಮದೇ ಪ್ರಚಾರ ಸಂಸ್ಥೆಯ ದರಪಟ್ಟಿಯನ್ನು ತೆರೆಯ ಮೇಲೆ ತೋರಿಸಿದರು. ಟೀಸರ್‌ಗೆ ಹತ್ತು ಲಕ್ಷ ವೀಕ್ಷಣೆ ತಂದುಕೊಡಲು ಮೂರು ಲಕ್ಷ, ಲಿರಿಕಲ್ ವಿಡಿಯೋಗೆ ಇನ್ನಷ್ಟು, ಪ್ರಭಾವಿಗಳ ರೀಲ್ಸ್‌ಗೆ ಮತ್ತಷ್ಟು. ಆ ಹತ್ತು ಲಕ್ಷ ವೀಕ್ಷಣೆಯಲ್ಲಿ ಎಷ್ಟು ಮಂದಿ ಟಿಕೆಟ್ ಕೊಂಡರು ಎಂದು ನಾನೂ ಹಾಸನದಿಂದ ಬರುತ್ತಿದ್ದ ಒಬ್ಬ ಉಪನ್ಯಾಸಕರೂ ಕೇಳಿದೆವು. ಅದನ್ನು ಅಳೆಯುವುದಿಲ್ಲ ಎಂಬ ಉತ್ತರ ಬಂತು. ಶುಲ್ಕ ಕೊಟ್ಟು ಕುಳಿತ ವಿದ್ಯಾರ್ಥಿಗಳ ಮುಂದೆ ಹೀಗೆ ಸೇವೆ ಮಾರಲು ಬಿಡುವುದು ತಪ್ಪು. ಸಂಯೋಜಕರಿಗೆ ಅಂದೇ ಹೇಳಿದೆ. ಅವರು ಕ್ಷಮೆ ಕೇಳಿದರು.

ಪೂರ್ತಿ ವಿವರಿಸದೆ ಬಿಟ್ಟದ್ದು ಟಿಕೆಟ್ಟಿನ ಲೆಕ್ಕ. ಅದನ್ನು ಕೊನೆಯ ಭಾನುವಾರ ಹಿರಿಯರೊಡನೆ ಕುಳಿತು ನಾವು ನಾಲ್ವರೇ ಮಾಡಿಕೊಂಡೆವು. ತರಬೇತಿಯ ನಡುವೆಯೇ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ತೆರಿಗೆ ಹೊರತುಪಡಿಸಿ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತ್ತು, 23ರಂದು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತ್ತು, 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿತ್ತು. ಅದಕ್ಕಿಂತ ಮೇಲಿನದಕ್ಕೆ ಶೇ. 18 ಹಾಗೆಯೇ ಉಳಿಯಿತು. ಆದ್ದರಿಂದ ನಾವು ತೆರಿಗೆ ಕಳೆದ ಸರಾಸರಿ ದರವನ್ನು 150 ರೂಪಾಯಿ ಎಂದು ಹಿಡಿದೆವು. ಮಲ್ಟಿಪ್ಲೆಕ್ಸ್‌ನಲ್ಲಿ ಮೊದಲ ವಾರ ಅರ್ಧ ಪಾಲು ಸಿಕ್ಕರೆ 75 ರೂಪಾಯಿ. ವಿತರಕರ ಕಮಿಷನ್ ಶೇ. 10 ಕಳೆದರೆ ನಿರ್ಮಾಪಕನ ಕೈಗೆ 67 ರೂಪಾಯಿ 50 ಪೈಸೆ. ಪಾಲು ವಾರದಿಂದ ವಾರಕ್ಕೆ ಇಳಿಯುತ್ತದೆ. ಹಿಂದಿ ನಿರ್ಮಾಪಕರೂ ಮಲ್ಟಿಪ್ಲೆಕ್ಸ್‌ನವರೂ 2009ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಅದು ಶೇ. 50, 42.5, 37.5, 30 ಎಂದು ಇಳಿದಿತ್ತು. ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆಯನ್ನೇ ಕಟ್ಟಬೇಕಾದರೆ ಆಸನಗಳು ಖಾಲಿಯಿದ್ದರೂ ಆ ಹಣ ಹೋಗುತ್ತದೆ. ಡಿಜಿಟಲ್ ಪ್ರದರ್ಶನದ ಶುಲ್ಕ ಬೇರೆ.

ಈಗ ತಮ್ಮನ ಚಿತ್ರ. ತಯಾರಿಕೆ 60 ಲಕ್ಷ, ಪ್ರಚಾರ 20 ಲಕ್ಷ, ಅದರಲ್ಲಿ 30 ಲಕ್ಷ ಸಾಲ ತಂದು ತಿಂಗಳಿಗೆ ನೂರಕ್ಕೆ ಎರಡರಂತೆ ಹದಿನೆಂಟು ತಿಂಗಳು ಬಡ್ಡಿ ಕಟ್ಟಿದರೆ 10.8 ಲಕ್ಷ. ಒಟ್ಟು 90.8 ಲಕ್ಷ. ಅದನ್ನು 67.50ರಿಂದ ಭಾಗಿಸಿದರೆ ಸುಮಾರು 1.35 ಲಕ್ಷ ಟಿಕೆಟ್, ಅದೂ ಎಲ್ಲರೂ ಮೊದಲ ವಾರವೇ ಬಂದರೆ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಗೆ ಬರುವಾಗ, ಒಂದೊಂದು ಶುಕ್ರವಾರ ಐದಾರು ಚಿತ್ರಗಳ ನಡುವೆ, ಹೆಸರಿಲ್ಲದ ತಂಡಕ್ಕೆ ಇಷ್ಟು ಜನ ಎಲ್ಲಿಂದ ಬರಬೇಕು? ಈ ಒಂದು ಹಾಳೆಯ ಲೆಕ್ಕವನ್ನು ಮೊದಲ ಶನಿವಾರವೇ ಮಾಡಿಸಿದ್ದರೆ ಉಳಿದ ಹನ್ನೊಂದು ದಿನಗಳ ಪಾಠವನ್ನು ನಾವೆಲ್ಲ ಬೇರೆ ಕಿವಿಯಿಂದ ಕೇಳುತ್ತಿದ್ದೆವು. ತರಬೇತಿಯ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ. ಅವರು ಚಿತ್ರದ ಹುಟ್ಟಿನಿಂದ ಬಿಡುಗಡೆಯ ಕಡೆಗೆ ಪಾಠ ಜೋಡಿಸಿದ್ದಾರೆ. ಸಣ್ಣ ನಿರ್ಮಾಪಕನಿಗೆ ಟಿಕೆಟ್ ಕಿಟಕಿಯಿಂದ ಹಿಂದಕ್ಕೆ ನಡೆದು ಬರುವ ಪಾಠ ಬೇಕು.

ಉಳಿದ ಅನುಕೂಲಗಳಿಗೆ ಕೊರತೆಯಿರಲಿಲ್ಲ. ಕೋಣೆ ತಂಪಾಗಿತ್ತು, ಹನ್ನೊಂದೂವರೆಗೆ ಒಳ್ಳೆಯ ಕಾಫಿ ಬರುತ್ತಿತ್ತು, ತಪ್ಪಿದ ತರಗತಿಯ ಧ್ವನಿಮುದ್ರಣವನ್ನು ಕೇಳಿದರೆ ಕೊಡುತ್ತಿದ್ದರು. ಗಾಡಿ ನಿಲ್ಲಿಸಲು ಜಾಗವಿಲ್ಲ. ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಇಳಿದು ನಡೆಯುವುದು ಸುಲಭ.

ಚಿತ್ರಕ್ಕೆ ಹಣ ಹಾಕಲು ಹೊರಟಿರುವ ಬಂಧುಗಳು, ಮಿತ್ರರು, ನಿವೃತ್ತಿಯ ಹಣ ಕೈಯಲ್ಲಿರುವವರು ಇದಕ್ಕೆ ಖಂಡಿತ ಸೇರಬಹುದು. ಮೊದಲ ಮೂರು ವಾರಾಂತ್ಯಗಳಿಗೇ ಶುಲ್ಕ ಸಂದಾಯವಾಗುತ್ತದೆ. ಚಿತ್ರ ಈಗಾಗಲೇ ಮುಗಿದು ಬಿಡುಗಡೆಯ ಹೊಸ್ತಿಲಲ್ಲಿರುವವರಿಗೆ ಇಲ್ಲಿ ಸಿಗುವುದು ಕಡಿಮೆ. ತಮ್ಮ ನನ್ನ ಲೆಕ್ಕದ ಹಾಳೆಯನ್ನು ನೋಡಿ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಫೋನ್ ಮಾಡಿ, "ಅಕ್ಕಾ, ಸಾಲ ಬೇಡ. ಮಂಡಿಯ ದೃಶ್ಯಗಳನ್ನ ಹರಾಜಿನ ದಿನವೇ ತೆಗೀತೀನಿ, ಸೆಟ್ ಹಾಕಲ್ಲ" ಎಂದ. ಈಗ ತಯಾರಿಕೆ 42 ಲಕ್ಷ, ಪ್ರಚಾರ 10 ಲಕ್ಷ; ಸಹಾಯಧನವನ್ನು ಲೆಕ್ಕಕ್ಕೆ ತಂದಿಲ್ಲ. ಸುಮಾರು 77,000 ಟಿಕೆಟ್ ಬೇಕು. ಅದು ಈಗಲೂ ದೊಡ್ಡ ಸಂಖ್ಯೆಯೇ, ಆದರೆ ತಿಪಟೂರು, ಅರಸೀಕೆರೆ, ತುಮಕೂರು, ಬೆಂಗಳೂರು ಎಂದು ಊರೂರು ಹೆಸರು ಬರೆದು ಹಂಚಬಹುದಾದ ಸಂಖ್ಯೆ. ನಾನು ಹದಿನೈದರ ಬದಲು ಆರು ಲಕ್ಷ ಹಾಕಿದ್ದೇನೆ. ಒಪ್ಪಂದವನ್ನು ಕನ್ನಡದಲ್ಲಿ ಬರೆಸಿ ಅದರ ಒಂದು ಪ್ರತಿಯನ್ನು ತರಬೇತಿಯವರಿಗೂ ಕೊಟ್ಟೆ. ಮುಂದಿನ ತಂಡಕ್ಕೆ ಮಾದರಿಯಾಗಿ ಹಂಚುತ್ತೇವೆ ಎಂದಿದ್ದಾರೆ. ವಿತರಣೆಗೆ ಎರಡು ಇಡೀ ದಿನ ಕೊಡುವ ಯೋಚನೆಯೂ ಇದೆಯಂತೆ. ಅದು ಖಚಿತವಾದರೆ ಆ ಎರಡು ದಿನಗಳಿಗೆ ಮತ್ತೆ ಶುಲ್ಕ ಕಟ್ಟಿ ಹೋಗಿ ಕೂರುತ್ತೇನೆ, ತಮ್ಮನನ್ನೂ ಕರೆದುಕೊಂಡು.